ಒತ್ತು ಒಡೆಯದ ಬಣ್ಣ: ಕನ್ನಡ ಆ್ಯಪ್‌ನಲ್ಲಿ ಪದಗಳನ್ನು ಎತ್ತಿ ತೋರಿಸಲು ಯಾವ ದಾರಿ ಹಿಡಿಯಬೇಕು?

ಬೆಂಗಳೂರಿನ ವಿಜಯನಗರದ ಒಂದು ಓದುವ ಕೋಣೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ತಯಾರಾಗುವವರು ಬೆಳಗ್ಗೆ ಏಳಕ್ಕೆಲ್ಲ ಬಂದು ಜಾಗ ಹಿಡಿದಿರುತ್ತಾರೆ. ನಾವು ಮೂವರು ಸೇರಿ ಮಾಡುತ್ತಿರುವ ನೋಟ್ಸ್ ಆ್ಯಪನ್ನು ಮೊಟ್ಟಮೊದಲು ಬಳಸಿ ನೋಡಿದವರು ಅವರೇ. ಹಾವೇರಿ ಕಡೆಯ ಹುಡುಗಿಯೊಬ್ಬಳು ಸಂವಿಧಾನದ ಪಾಠ ತೆರೆದು, ‘ರಾಷ್ಟ್ರಪತಿ’ ಎಂಬ ಪದದ ಮೇಲೆ ಬೆರಳು ಒತ್ತಿ ಹಿಡಿದು, ಗುರುತನ್ನು ಎಳೆದು ಹಳದಿ ಹಚ್ಚಿದಳು. ಗುರುತು ಪದದ ಕೊನೆಗೆ ಹೋಗದೆ ನಡುವೆಯೇ ನಿಂತಿತ್ತು. ಹಳದಿ ಪಟ್ಟಿಯೊಳಗೆ ‘ರಾಷ್’, ಪಟ್ಟಿಯಿಂದಾಚೆ ‘ಟ್ರಪತಿ’. ‘ಸರ್, ಇಲ್ ನೋಡ್ರಿ, ಬಣ್ಣ ಹಚ್ಚಿದ ಕೂಡ್ಲೆ ಅಕ್ಷರಾನ ಒಡದ್ ಹೋತು’ ಅಂದಳು.

ಅಕ್ಷರ ಒಡೆದದ್ದು ಆ ಒಂದು ಪದದಲ್ಲಿ ಮಾತ್ರವಲ್ಲ. ಹುಡುಕಿದಾಗ ಒಡೆಯುತ್ತಿತ್ತು, ಟೈಪ್ ಮಾಡುವಾಗ ಒಡೆಯುತ್ತಿತ್ತು, ಒಂದು ಫೋನಿನಲ್ಲಿ ಸರಿಯಾಗಿ ಕಂಡದ್ದು ಇನ್ನೊಂದರಲ್ಲಿ ಚುಕ್ಕಿ ವೃತ್ತ (◌) ತೋರಿಸುತ್ತಿತ್ತು. ಆಗಿನಿಂದ ಪಠ್ಯಕ್ಕೆ ಬಣ್ಣ ಹಚ್ಚುವ ಎಲ್ಲ ದಾರಿಗಳನ್ನೂ ಒಂದೊಂದಾಗಿ ಹಿಡಿದು ನೋಡಿದ್ದೇವೆ. ಇಂಗ್ಲಿಷಿನ ಉದಾಹರಣೆ ನೋಡಿಕೊಂಡು ಆರಿಸಿದ ದಾರಿ ಕನ್ನಡಕ್ಕೆ ಎಲ್ಲಿ ಕೈಕೊಡುತ್ತದೆ ಅನ್ನುವುದು ಮೊದಲೇ ತಿಳಿದಿದ್ದರೆ ಎಷ್ಟೋ ರಾತ್ರಿ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಾತಿನ ತಿರುಳು ಇಷ್ಟು: ಯಾವ ಚೌಕಟ್ಟು, ಯಾವ ಲೈಬ್ರರಿ ಎಂದು ಕೇಳುವ ಮೊದಲು, ಬಣ್ಣ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕೆಂದು ಯಾರು ನಿರ್ಧರಿಸುತ್ತಾರೆ ಎಂದು ಕೇಳಿಕೊಳ್ಳಿ. ಬರೆದವರು ಮೊದಲೇ ನಿರ್ಧರಿಸಿದ್ದಾರೆಯೇ, ಹುಡುಕಾಟದ ಪೆಟ್ಟಿಗೆಯೇ, ಓದುಗರ ಬೆರಳೇ, ಅಥವಾ ಟೈಪ್ ಮಾಡುತ್ತಿರುವಾಗಲೇ ಬಣ್ಣ ಬದಲಾಗಬೇಕೇ? ಈ ನಾಲ್ಕಕ್ಕೂ ಉತ್ತರ ಬೇರೆ ಬೇರೆ.

ಮೊದಲು ಗಡಿ, ಆಮೇಲೆ ಬಣ್ಣ

ಯಾವ ವಿಧಾನ ಹಿಡಿದರೂ ಅದು ನಿಮ್ಮಿಂದ ಕೇಳುವುದು ಎರಡು ಸಂಖ್ಯೆ: ಎಲ್ಲಿಂದ, ಎಲ್ಲಿಯವರೆಗೆ. ‘ಬೆಂಗಳೂರು’ ಅಂದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು ಬ, ಎತ್ವ, ಸೊನ್ನೆ, ಗ, ಳ, ಕೊಂಬಿನ ಇಳಿ, ರ, ಕೊಂಬು, ಹೀಗೆ ಎಂಟು. ಆಂಡ್ರಾಯ್ಡ್, ಜಾವಾಸ್ಕ್ರಿಪ್ಟ್, ಫ್ಲಟ್ಟರ್ ಚೌಕಟ್ಟಿನ ಡಾರ್ಟ್ ಭಾಷೆ ಎಲ್ಲವೂ 8 ಎನ್ನುತ್ತವೆ. ಸ್ವಿಫ್ಟ್ ಭಾಷೆಯ ಸ್ಟ್ರಿಂಗ್ 4 ಎನ್ನುತ್ತದೆ, ಅದೇ ಐಫೋನಿನ ಹಳೆಯ ಎನ್‌ಎಸ್‌ಸ್ಟ್ರಿಂಗ್ 8 ಎನ್ನುತ್ತದೆ. ಸರ್ವರ್ ಪಠ್ಯ ಉಳಿಸುವ ಯುಟಿಎಫ್-8 ರೂಪದ ಬೈಟುಗಳನ್ನು ಎಣಿಸಿ ಕಳಿಸಿದರೆ 24, ಏಕೆಂದರೆ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು. ಪೈಥಾನ್ ಸರ್ವರ್ ಆದರೆ ಕನ್ನಡದ ಮಟ್ಟಿಗೆ ಲೆಕ್ಕ ಕೂಡಿಬರುತ್ತದೆ. ಆದರೆ ನಡುವೆ ಒಂದು ಇಮೋಜಿ ಬಂತೆಂದರೆ ಪೈಥಾನ್ ಅದನ್ನು ಒಂದು ಎಂದು ಎಣಿಸುತ್ತದೆ, ಫೋನ್ ಎರಡು ಎಂದು ಎಣಿಸುತ್ತದೆ, ಅಲ್ಲಿಂದ ಮುಂದಿನ ಬಣ್ಣವೆಲ್ಲ ಒಂದು ಮನೆ ಹಿಂದೆ ಸರಿಯುತ್ತದೆ. ಗಡಿಯ ಸಂಖ್ಯೆಗಳನ್ನು ಸರ್ವರ್‌ನಿಂದ ತರುವುದಿದ್ದರೆ ಯಾವ ಲೆಕ್ಕ ಎಂಬುದನ್ನು ಮೊದಲ ದಿನವೇ ಒಪ್ಪಂದ ಮಾಡಿಕೊಳ್ಳಿ.

ಒತ್ತಕ್ಷರದ ಕಷ್ಟ ಇದಕ್ಕಿಂತ ದೊಡ್ಡದು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ; ಒಳಗೆ ಸ, ಹಲಂತ (ಅಕಾರ ತೆಗೆಯುವ ಚಿಹ್ನೆ), ತ, ಹಲಂತ, ರ, ದೀರ್ಘ ಎಂದು ಆರು ಚಿಹ್ನೆ. ಅಕ್ಷರದ ಗಡಿ ಹುಡುಕಿಕೊಡಲು ಎಲ್ಲ ವೇದಿಕೆಗಳಲ್ಲೂ ಸಿದ್ಧ ಸಾಧನ ಇದೆ: ಆಂಡ್ರಾಯ್ಡ್‌ನಲ್ಲಿ ಬ್ರೇಕ್‌ಇಟರೇಟರ್, ಡಾರ್ಟ್‌ನಲ್ಲಿ ಕ್ಯಾರೆಕ್ಟರ್ಸ್ ಪ್ಯಾಕೇಜ್, ಸ್ವಿಫ್ಟ್‌ನಲ್ಲಿ ಕ್ಯಾರೆಕ್ಟರ್. ಇವನ್ನು ನಂಬಿದರೆ ಸಾಕು ಎಂದು ನಾವೂ ಅಂದುಕೊಂಡಿದ್ದೆವು. ಯೂನಿಕೋಡ್‌ನ ಮೂಲ ನಿಯಮ ಹಲಂತದ ನಂತರ ಗಡಿ ಹಾಕುತ್ತಿತ್ತು, ಅಂದರೆ ‘ಸ್ತ್ರೀ’ ಮೂರು ತುಂಡು. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿ ಇದನ್ನು ಸರಿಪಡಿಸಿ, ಒತ್ತಕ್ಷರವನ್ನು ಒಂದೇ ಘಟಕವಾಗಿ ನೋಡುವ ನಿಯಮ ತಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅದೇ ಆ್ಯಪ್‌ನಲ್ಲಿ, ಅದೇ ಸಾಲಿನ ಕೋಡ್‌ನಲ್ಲಿ, ತೆಲುಗಿನ ‘ಸ್ತ್ರೀ’ ಇಡಿಯಾಗಿ ಉಳಿದು ಕನ್ನಡದ್ದು ಮಾತ್ರ ಒಡೆಯಬಹುದು ಎಂದರೆ ನೋವಾಗುತ್ತದೆ. ಆದರೆ ಪರಿಹಾರ ನಮ್ಮ ಕೈಯಲ್ಲೇ ಇದೆ.

ನಾವು ಬರೆದ ನಿಯಮ ನಾಲ್ಕೇ ಸಾಲು. ಸಿದ್ಧ ಸಾಧನ ಹೇಳಿದ ಗಡಿಯ ಹಿಂದೆ ಹಲಂತವಿದ್ದು ಮುಂದೆ ವ್ಯಂಜನವಿದ್ದರೆ ಅದು ಗಡಿಯಲ್ಲ, ಮುಂದೆ ಸಾಗಬೇಕು. ಹಲಂತದ ಬಳಿಕ ಸೇರಿಸದಿರುವ ಚಿಹ್ನೆ, ಅಂದರೆ ಜೀರೋ ವಿಡ್ತ್ ನಾನ್ ಜಾಯಿನರ್, ಇದ್ದರೆ ಮಾತ್ರ ಅಲ್ಲಿ ನಿಲ್ಲಬಹುದು. ‘ರಾಜ್‌ಕುಮಾರ್’ ಎಂದು ಬರೆದಾಗ ಜ ಮತ್ತು ಕ ಒತ್ತಾಗಿ ಕೂಡದಂತೆ ತಡೆಯುವುದು ಅದೇ. ಬಣ್ಣದ ಎರಡೂ ತುದಿಗಳನ್ನು ಈ ಗಡಿಗೆ ಹೊಂದಿಸಿದ ಮೇಲೆಯೇ ಯಾವ ವಿಧಾನಕ್ಕಾದರೂ ಕೊಡಬೇಕು. ‘ಸೂರ್ಯ’ದಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಒಳಗಿನ ಕ್ರಮದಲ್ಲಿ ರ ಮೊದಲು, ಯ ಆಮೇಲೆ. ಪರದೆಯ ಮೇಲೆ ಅರ್ಕಾವೊತ್ತು ಯಕಾರದ ಬಲಕ್ಕೆ ಹೋಗಿ ಕೂರುತ್ತದೆ. ‘ಸೂರ್’ ತನಕ ಮಾತ್ರ ಕೆಂಪು ಹಚ್ಚಿ ಎಂದರೆ ಫೋನ್ ಏನು ಮಾಡಬೇಕು? ಕೆಲವು ಕಡೆ ಅರ್ಕಾವೊತ್ತು ಕಳಚಿ ಹಲಂತವಾಗುತ್ತದೆ, ಕೆಲವು ಕಡೆ ಇಡೀ ಅಕ್ಷರ ಒಂದೇ ಬಣ್ಣ ಪಡೆಯುತ್ತದೆ. ಫೋನಿನಿಂದ ಫೋನಿಗೆ ಫಲಿತಾಂಶ ಬದಲಾಗುವ ಆಟಕ್ಕೆ ಇಳಿಯಲೇಬಾರದು.

ಮಕ್ಕಳಿಗೆ ಒತ್ತಕ್ಷರ ಕಲಿಸುವ ಆ್ಯಪ್ ಮಾಡುವವರು ಕೇಳುವುದುಂಟು: ಒತ್ತಿಗೆ ಮಾತ್ರ ಬೇರೆ ಬಣ್ಣ ಬೇಕಲ್ಲ? ಆ ಆಸೆ ನ್ಯಾಯವಾದದ್ದೇ. ಆದರೆ ಈ ಬರಹದ ಯಾವ ವಿಧಾನವೂ ಅದಕ್ಕೆ ನೆಚ್ಚಿಕೊಳ್ಳುವಂಥದ್ದಲ್ಲ. ಅಂಥ ಪಾಠಕ್ಕೆ ಅಕ್ಷರವನ್ನು ಚಿತ್ರವಾಗಿ ಬರೆಸಿ ಬಣ್ಣ ತುಂಬಿಸುವುದೇ ಮೇಲು.

ಬರೆದವರೇ ಮೊದಲು ನಿರ್ಧರಿಸಿದ್ದರೆ

ಇದು ಎಲ್ಲಕ್ಕಿಂತ ಸುಲಭದ್ದು. ‘ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗ ಹಿಡಿಯಿರಿ, ಆರ್‌.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ’ ಎಂಬ ಸಾಲು ನಿಮ್ಮ ಆ್ಯಪ್‌ನಲ್ಲಿದೆ ಎಂದುಕೊಳ್ಳಿ. ಮೂರು ಮಾರ್ಗಗಳ ಹೆಸರಿಗೂ ಅವುಗಳದೇ ಬಣ್ಣ ಬೇಕು. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಮೂರು ದಾರಿ. ಎಚ್‌ಟಿಎಂಎಲ್ ಟ್ಯಾಗ್ ಹಾಕಿ ಫ್ರಮ್‌ಎಚ್‌ಟಿಎಂಎಲ್‌ಗೆ ಕೊಡುವುದು, ಸ್ಪ್ಯಾನಬಲ್‌ಸ್ಟ್ರಿಂಗ್ ಮಾಡಿ ಫೋರ್‌ಗ್ರೌಂಡ್‌ಕಲರ್‌ಸ್ಪ್ಯಾನ್ (ಸ್ಪ್ಯಾನ್ ಅಂದರೆ ಪಠ್ಯದ ಒಂದು ಭಾಗಕ್ಕೆ ಅಂಟುವ ಶೈಲಿಯ ಗುರುತು) ಅಂಟಿಸುವುದು, ಅಥವಾ ಸ್ಟ್ರಿಂಗ್ಸ್ ಕಡತದಲ್ಲೇ ಅನೋಟೇಶನ್ ಟ್ಯಾಗ್ ಬರೆದು ಆಮೇಲೆ ಅದನ್ನು ಬಣ್ಣವಾಗಿಸುವುದು.

ಹೆಚ್ಚಿನವರು ಮೊದಲನೆಯದನ್ನೇ ಹಿಡಿಯುತ್ತಾರೆ, ಎರಡೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ ಅಂತ. ಅಕ್ಷರದ ಬಣ್ಣಕ್ಕೆ ಫಾಂಟ್ ಟ್ಯಾಗ್ ಹಳೆಯ ಆವೃತ್ತಿಗಳಲ್ಲೂ ನಡೆಯುತ್ತದೆ. ಹಿನ್ನೆಲೆ ಬಣ್ಣ ಬೇಕೆಂದರೆ ಆಂಡ್ರಾಯ್ಡ್ 7.0, ಅಂದರೆ ಎಪಿಐ 24 ಇರಲೇಬೇಕು. ಅದಕ್ಕಿಂತ ಹಿಂದಿನ ಫೋನ್ ಆ ಶೈಲಿಯನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ವೆಬ್‌ನಲ್ಲಿ ರೂಢಿಯಾದ ಮಾರ್ಕ್ ಟ್ಯಾಗ್‌ಗೆ ಇಲ್ಲಿ ಬೆಲೆಯಿಲ್ಲ. ಬಳಕೆದಾರರು ಬರೆದ ಪಠ್ಯ ನಡುವೆ ಸೇರುವುದಿದ್ದರೆ ಅದರಲ್ಲಿನ ಕೋನ ಚಿಹ್ನೆಗಳನ್ನು ಮೊದಲು ಎಸ್ಕೇಪ್ ಮಾಡದಿದ್ದರೆ, ಅಂದರೆ ಟ್ಯಾಗ್ ಎಂದು ಓದದಂತೆ ಬದಲಿಸದಿದ್ದರೆ, ಅರ್ಧ ವಾಕ್ಯವೇ ಮಾಯವಾಗುತ್ತದೆ.

ನನ್ನ ಮತ ಅನೋಟೇಶನ್ ಕಡೆಗೆ. ಕಾರಣ ಬೆಂಗಳೂರೇ. ಇಲ್ಲಿ ಒಂದು ಆ್ಯಪ್ ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಅಂತ ನಾಲ್ಕೈದು ಭಾಷೆಯಲ್ಲಿ ಹೊರಡುವುದು ಮಾಮೂಲು. ಐದನೆಯ ಮನೆಯಿಂದ ಹನ್ನೆರಡನೆಯ ಮನೆಯವರೆಗೆ ನೇರಳೆ ಎಂದು ಕೋಡ್‌ನಲ್ಲಿ ಸಂಖ್ಯೆ ಬರೆದಿಟ್ಟರೆ ಅನುವಾದವಾದ ಕ್ಷಣ ಅದು ಸುಳ್ಳಾಗುತ್ತದೆ. ಟ್ಯಾಗ್ ಆದರೆ ಪದದ ಜೊತೆಗೇ ನಡೆಯುತ್ತದೆ. ಅನುವಾದಕರು ವಾಕ್ಯವನ್ನು ಹಿಂದೆ ಮುಂದೆ ಮಾಡಿದರೂ ಬಣ್ಣ ತಪ್ಪುವುದಿಲ್ಲ. ಒಂದು ಎಚ್ಚರ: ಗೆಟ್‌ಸ್ಟ್ರಿಂಗ್ ಕರೆದರೆ ಶೈಲಿಯೆಲ್ಲ ಉದುರಿ ಬರಿ ಪಠ್ಯ ಬರುತ್ತದೆ, ಗೆಟ್‌ಟೆಕ್ಸ್ಟ್ ಕರೆಯಬೇಕು. ಎರಡು ಬಣ್ಣದ ಪಠ್ಯಗಳನ್ನು ಕೂಡಿಸುವಾಗಲೂ ಅಷ್ಟೆ, ಸಾದಾ ಕೂಡು ಚಿಹ್ನೆ ಬಣ್ಣವನ್ನು ಕಳೆಯುತ್ತದೆ. ಟೆಕ್ಸ್ಟ್‌ಯುಟಿಲ್ಸ್‌ನ ಕಾನ್‌ಕ್ಯಾಟ್ ಉಳಿಸಿಕೊಳ್ಳುತ್ತದೆ.

ಆಂಡ್ರಾಯ್ಡ್‌ನ ಹೊಸ ಚೌಕಟ್ಟಾದ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಬರೆಯುವವರಿಗೆ ಬಿಲ್ಡ್ ಅನೋಟೇಟೆಡ್ ಸ್ಟ್ರಿಂಗ್ ಇದೆ, ಅದರೊಳಗೆ ಸ್ಪ್ಯಾನ್‌ಸ್ಟೈಲ್ ಕೊಟ್ಟರೆ ಅಕ್ಷರದ ಬಣ್ಣ, ಹಿನ್ನೆಲೆ ಎರಡೂ ಒಟ್ಟಿಗೆ ಬರುತ್ತವೆ, ಓದಲೂ ಚೆನ್ನ. ಐಫೋನಿನಲ್ಲಿ ಐಒಎಸ್ 15ರಿಂದ ಬಂದಿರುವ ಆಟ್ರಿಬ್ಯೂಟೆಡ್‌ಸ್ಟ್ರಿಂಗ್ ಬಳಸಿ. ಮಾರ್ಕ್‌ಡೌನ್‌ನಿಂದ ದಪ್ಪ ಅಕ್ಷರ ಸಿಗುತ್ತದೆ, ಬಣ್ಣ ಸಿಗುವುದಿಲ್ಲ, ಅದನ್ನು ಕೋಡ್‌ನಲ್ಲೇ ಕೊಡಬೇಕು. ಹಳೆಯ ಎನ್‌ಎಸ್‌ಆಟ್ರಿಬ್ಯೂಟೆಡ್‌ಸ್ಟ್ರಿಂಗ್‌ಗೆ ಎಚ್‌ಟಿಎಂಎಲ್ ಕೊಟ್ಟು ಓದಿಸುವ ದಾರಿಯೂ ಇದೆ. ಅದನ್ನು ಪರದೆಯನ್ನು ನಡೆಸುವ ಮುಖ್ಯ ಥ್ರೆಡ್‌ನಲ್ಲೇ ನಡೆಸಬೇಕಾದ್ದರಿಂದ ಉದ್ದದ ಪಟ್ಟಿಯಲ್ಲಿ ಸ್ಕ್ರೋಲ್ ತಡೆತಡೆದು ಸಾಗುತ್ತದೆ. ಬೇಡ.

ಫ್ಲಟ್ಟರ್‌ನಲ್ಲಿ ಟೆಕ್ಸ್ಟ್‌ಸ್ಪ್ಯಾನ್‌ಗಳನ್ನು ಒಂದರೊಳಗೊಂದು ಇಡುತ್ತೀರಿ. ಅವನ್ನು ರಿಚ್‌ಟೆಕ್ಸ್ಟ್‌ಗೆ ಕೊಡುವ ಬದಲು ಟೆಕ್ಸ್ಟ್.ರಿಚ್‌ಗೆ ಕೊಡಿ. ರಿಚ್‌ಟೆಕ್ಸ್ಟ್ ತಾನಾಗಿ ಫೋನಿನ ಅಕ್ಷರ ಗಾತ್ರದ ಸೆಟ್ಟಿಂಗ್ ಅನ್ನು ಪಾಲಿಸುವುದಿಲ್ಲ. ಅಮ್ಮ ತನ್ನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ಎಲ್ಲ ಸಾಲೂ ದೊಡ್ಡದಾಗಿ, ಬಣ್ಣದ ಸಾಲು ಮಾತ್ರ ಇರುವೆ ಗಾತ್ರದಲ್ಲಿ ಉಳಿಯುತ್ತದೆ. ರಿಯಾಕ್ಟ್ ನೇಟಿವ್‌ನಲ್ಲಿ ಟೆಕ್ಸ್ಟ್ ಒಳಗೆ ಟೆಕ್ಸ್ಟ್ ಇಟ್ಟರೆ ಆಯಿತು. ಅದು ಒಳಗಿಂದೊಳಗೆ ಆಂಡ್ರಾಯ್ಡ್‌ನ ಸ್ಪ್ಯಾನ್ ಆಗಿ, ಐಫೋನಿನ ಆಟ್ರಿಬ್ಯೂಟೆಡ್ ಸ್ಟ್ರಿಂಗ್ ಆಗಿ ಮಾರ್ಪಡುತ್ತದೆ. ಶಾಲೆಯ ಮೇಷ್ಟ್ರು, ಮೇಡಂಗಳು ಎಂಐಟಿ ಆ್ಯಪ್ ಇನ್ವೆಂಟರ್‌ನಲ್ಲಿ ಬ್ಲಾಕ್ ಜೋಡಿಸಿ ಮಾಡುವ ಆ್ಯಪ್‌ಗೂ ದಾರಿಯಿದೆ: ಲೇಬಲ್‌ನ ಎಚ್‌ಟಿಎಂಎಲ್‌ಫಾರ್ಮ್ಯಾಟ್ ಆಯ್ಕೆಯನ್ನು ಆನ್ ಮಾಡಿ ಫಾಂಟ್ ಟ್ಯಾಗ್ ಬರೆಯಿರಿ, ಪಾಠದ ಆ್ಯಪ್‌ಗೆ ಅಷ್ಟು ಸಾಕು. ಬರಿ ಬಣ್ಣ ಹಚ್ಚುವ ಕಾರಣಕ್ಕೆ ಚೌಕಟ್ಟು ಬದಲಾಯಿಸಬೇಡಿ; ಈ ಒಂದು ಕೆಲಸದ ಮಟ್ಟಿಗೆ ಎಲ್ಲವೂ ಸರಿಸಮ.

ಹುಡುಕಿದ ಪದಕ್ಕೆ ಬಣ್ಣ

ಹುಡುಕಾಟದಲ್ಲಿ ಗಡಿ ಪ್ರತಿ ಸಲ ಹೊಸದು, ಅದನ್ನು ಯಂತ್ರವೇ ಕಂಡುಹಿಡಿಯಬೇಕು. ಹಾಗಾಗಿ ಇಲ್ಲಿ ಟ್ಯಾಗ್ ಬಿಟ್ಟು ಸ್ಪ್ಯಾನ್ ಹಿಡಿಯಿರಿ, ಯಾವ ವೇದಿಕೆಯಾದರೂ ಸರಿ. ಪಠ್ಯಕ್ಕೆ ಟ್ಯಾಗ್ ತುರುಕಿ ಮತ್ತೆ ಓದಿಸುವುದರಲ್ಲಿ ಎರಡು ಪಟ್ಟು ಕೆಲಸ, ಹುಡುಕಿದ ಪದ ಟ್ಯಾಗ್‌ನ ಒಳಗೇ ಸಿಕ್ಕಿಬೀಳುವ ಅಪಾಯ ಬೇರೆ.

ಆಂಡ್ರಾಯ್ಡ್‌ನಲ್ಲಿ ಎಲ್ಲರೂ ಒಮ್ಮೆ ಬೀಳುವ ಗುಂಡಿ ಒಂದಿದೆ. ಬ್ಯಾಕ್‌ಗ್ರೌಂಡ್‌ಕಲರ್‌ಸ್ಪ್ಯಾನ್ ಒಂದನ್ನು ಮಾಡಿಟ್ಟುಕೊಂಡು, ಸಿಕ್ಕ ಹತ್ತು ಜಾಗಕ್ಕೂ ಅದನ್ನೇ ಅಂಟಿಸುತ್ತೀರಿ. ಕೊನೆಯ ಜಾಗಕ್ಕೆ ಮಾತ್ರ ಬಣ್ಣ ಬರುತ್ತದೆ. ಒಂದೇ ವಸ್ತುವನ್ನು ಎರಡನೇ ಸಲ ಸೆಟ್‌ಸ್ಪ್ಯಾನ್ ಮಾಡಿದರೆ ಅದು ಹಳೆಯ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗುತ್ತದೆ, ಅಷ್ಟೆ. ಜಾಗಕ್ಕೊಂದು ಹೊಸ ಸ್ಪ್ಯಾನ್ ಮಾಡಬೇಕು. ಹಾಗೆಯೇ ಕೊನೆಯ ಸಂಖ್ಯೆ ಬಣ್ಣದೊಳಗೆ ಸೇರುವುದಿಲ್ಲ, ಅದಕ್ಕಿಂತ ಒಂದು ಹಿಂದಕ್ಕೇ ಬಣ್ಣ ನಿಲ್ಲುತ್ತದೆ. ಇದನ್ನು ಮರೆತರೆ ಪದದ ಕೊನೆಯ ಕೊಂಬು ಹೊರಗುಳಿಯುತ್ತದೆ.

ಇಂಗ್ಲಿಷಿನಲ್ಲಿ ಇಲ್ಲಿಗೆ ಕೆಲಸ ಮುಗಿಯಿತು. ಕನ್ನಡದಲ್ಲಿ ಈಗ ಶುರು. ಓದುಗರು ‘ಮರ’ ಎಂದು ಹುಡುಕುತ್ತಾರೆ. ಯಂತ್ರ ಚಿಹ್ನೆಗಳನ್ನು ಹೋಲಿಸಿ ‘ಮರ’, ‘ಮರದ’, ‘ಮರಿ’, ‘ಮರ್ಯಾದೆ’ ಎಲ್ಲವನ್ನೂ ಹಿಡಿದು ತರುತ್ತದೆ. ಮೊದಲೆರಡು ಸರಿ. ‘ಮರಿ’ಯಲ್ಲಿ ಸಿಕ್ಕಿದ್ದು ಅಕ್ಷರದ ಅರ್ಧ, ಗುಡಿಸು ಹೊರಗಿದೆ. ಹಾಗಿದ್ದರೆ ಅರ್ಧ ಅಕ್ಷರದಲ್ಲಿ ಮುಗಿದದ್ದನ್ನೆಲ್ಲ ಬಿಟ್ಟುಬಿಡೋಣವೇ? ಬಿಟ್ಟರೆ ಇನ್ನೊಂದು ತೊಂದರೆ. ‘ಊರು’ ಎಂದು ಹುಡುಕಿದವರಿಗೆ ‘ಊರಿಗೆ’, ‘ಊರಿನಲ್ಲಿ’, ‘ಊರೂರು’ ಎಲ್ಲವೂ ಬೇಕು. ಆದರೆ ಚಿಹ್ನೆಗಳ ಲೆಕ್ಕದಲ್ಲಿ ‘ಊರಿಗೆ’ಯೊಳಗೆ ‘ಊರು’ ಇಲ್ಲವೇ ಇಲ್ಲ. ವಿಭಕ್ತಿ ಹತ್ತಿದ ಕೂಡಲೇ ಕೊನೆಯ ಕೊಂಬು ಜಾರಿಹೋಗುತ್ತದೆ.

ಬಹಳ ಪ್ರಯತ್ನದ ಮೇಲೆ ನಾವು ನಿಂತ ಜಾಗ ಹೀಗಿದೆ. ಹುಡುಕುವ ಪದದ ಕೊನೆಯಲ್ಲಿ ಕೊಂಬು ಇದ್ದರೆ ಅದನ್ನು ತೆಗೆದು ಹುಡುಕುತ್ತೇವೆ. ತೆಗೆಯದ ಪದ ಅಕ್ಷರದ ನಡುವೆ ಮುಗಿದರೆ ಆ ಫಲಿತಾಂಶವನ್ನು ಕೈಬಿಡುತ್ತೇವೆ. ಕೊಂಬು ತೆಗೆದ ಪದವಾದರೆ ಬಣ್ಣವನ್ನು ಅಕ್ಷರದ ಕೊನೆಯವರೆಗೆ ಚಾಚುತ್ತೇವೆ. ಹಾಗೆ ಮಾಡಿದಾಗ ‘ಊರಿಗೆ’ಯಲ್ಲಿ ‘ಊರಿ’ ತನಕ ಹಳದಿ ಬರುತ್ತದೆ. ಅದು ಓದುಗರಿಗೆ ವಿಚಿತ್ರವಾಗಿ ಕಾಣುತ್ತದೆ ಎಂದು ಅನ್ನಿಸಿದ್ದರಿಂದ, ಇಡೀ ಪದಕ್ಕೆ ತೆಳು ಹಳದಿ, ಸಿಕ್ಕ ಭಾಗಕ್ಕೆ ಗಾಢ ಹಳದಿ ಕೊಟ್ಟೆವು. ವ್ಯಾಕರಣ ಬಲ್ಲ ಹುಡುಕಾಟಕ್ಕೆ ಇದು ಸಮವಲ್ಲ. ಆದರೂ ಕಣ್ಣು ಹುಡುಕುವ ಪದಕ್ಕೆ ನೇರವಾಗಿ ಹೋಗಿ ನಿಲ್ಲುತ್ತದೆ.

ಹುಡುಕುವ ಮೊದಲು ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತನ್ನಿ. ‘ಹೋ’ ಎಂಬುದರ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಚಿಹ್ನೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ; ಹೋಲಿಸಿದರೆ ಬೇರೆ. ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ ಇದನ್ನು ಸರಿಮಾಡುತ್ತದೆ, ಹೆಚ್ಚಿನ ಭಾಷೆಗಳಲ್ಲಿ ಇದಕ್ಕೆ ಲೈಬ್ರರಿ ಸಿಗುತ್ತದೆ. ‘ಫೇಸ್‌ಬುಕ್’ ಎಂಬಲ್ಲಿ ಬರುವ ಸೇರಿಸದಿರುವ ಚಿಹ್ನೆಯನ್ನೂ ಹೋಲಿಕೆಯ ಹೊತ್ತಿಗೆ ತೆಗೆದಿಡಿ, ಏಕೆಂದರೆ ಹುಡುಕುವವರು ಅದನ್ನು ಟೈಪ್ ಮಾಡಿರುವುದಿಲ್ಲ. ತೆಗೆದಾಗ ಲೆಕ್ಕ ತಪ್ಪುತ್ತದೆ. ಪ್ರತಿ ಚಿಹ್ನೆಯ ಮೂಲ ಸ್ಥಾನವನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಬಣ್ಣ ಹಚ್ಚುವಾಗ ಮೂಲ ಸ್ಥಾನಕ್ಕೇ ಹಚ್ಚಬೇಕು.

ಇನ್ನು ನಮ್ಮ ಊರಿನ ವಿಶೇಷ ಕಷ್ಟ, ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು. ಕೋಚಿಂಗ್ ನೋಟ್ಸ್‌ಗಳಲ್ಲಿ, ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಇವು ಇವತ್ತಿಗೂ ರಾಶಿ ರಾಶಿ ಇವೆ. ಅವುಗಳೊಳಗೆ ಇರುವುದು ಕನ್ನಡ ಯೂನಿಕೋಡ್ ಅಲ್ಲ. ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ತುಂಡು ಆಕಾರ ತೊಡಿಸಿದ ಫಾಂಟ್. ಅದರ ಮೇಲೆ ಹುಡುಕಾಟವೂ ನಡೆಯದು, ಗಡಿಯೂ ಸಿಗದು. ಆ್ಯಪ್‌ಗೆ ಸೇರಿಸುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಒತ್ತುಗಳನ್ನು ಒಬ್ಬರು ಕೂತು ಕಣ್ಣಾರೆ ನೋಡಿ.

ಓದುಗರ ಬೆರಳು ಹಚ್ಚುವ ಬಣ್ಣ

ಓದುವಾಗ ಪೆನ್ಸಿಲ್ ಗೆರೆ ಎಳೆದ ಹಾಗೆ ಆ್ಯಪ್‌ನಲ್ಲೂ ಗುರುತು ಮಾಡಬೇಕು, ನಾಳೆ ತೆರೆದಾಗ ಅದು ಅಲ್ಲೇ ಇರಬೇಕು. ಇಲ್ಲಿ ನಿಜವಾದ ಆಯ್ಕೆ ಎರಡರ ನಡುವೆ: ವೇದಿಕೆಯದೇ ಪಠ್ಯ ವೀಕ್ಷಕ, ಇಲ್ಲವೇ ವೆಬ್‌ವ್ಯೂ, ಅಂದರೆ ಆ್ಯಪ್‌ನೊಳಗೇ ಕೂತ ಬ್ರೌಸರ್.

ಉದ್ದದ ಪಾಠ, ನಡುವೆ ಚಿತ್ರ, ಕೋಷ್ಟಕ, ಅಡಿಟಿಪ್ಪಣಿ ಇದ್ದರೆ ವೆಬ್‌ವ್ಯೂ ಗೆಲ್ಲುತ್ತದೆ. ಮಾರ್ಕ್ ಟ್ಯಾಗ್, ಸಿಎಸ್‌ಎಸ್ ಎರಡೂ ಪೂರ್ತಿ ಕೆಲಸ ಮಾಡುತ್ತವೆ. ಪಟ್ಟಿಯ ಮೂಲೆ ದುಂಡಾಗಿಸುವುದು ಒಂದೇ ಸಾಲಿನ ಕೆಲಸ. ಆಂಡ್ರಾಯ್ಡ್‌ನ ಬ್ಯಾಕ್‌ಗ್ರೌಂಡ್‌ಕಲರ್‌ಸ್ಪ್ಯಾನ್‌ಗೆ ಚೌಕ ಬಿಟ್ಟು ಬೇರೆ ಆಕಾರ ಗೊತ್ತಿಲ್ಲ, ದುಂಡು ಮೂಲೆ ಬೇಕೆಂದರೆ ಲೇಔಟ್‌ನಿಂದ ಸಾಲಿನ ಅಳತೆ ಕೇಳಿ ನೀವೇ ಚಿತ್ರ ಬರೆಯಬೇಕು. ವೆಬ್‌ನಲ್ಲಿ ಈಗ ಸಿಎಸ್‌ಎಸ್ ಕಸ್ಟಮ್ ಹೈಲೈಟ್ ಎಂಬ ಹೊಸ ಸೌಲಭ್ಯವೂ ಇದೆ: ಕ್ರೋಮ್‌ಗೆ 2022ರಲ್ಲಿ 105ನೇ ಆವೃತ್ತಿಯಿಂದ ಬಂತು, ಸಫಾರಿಗೆ 17.2ರಿಂದ. ಪುಟದ ರಚನೆಯನ್ನು ಮುಟ್ಟದೆ, ಟ್ಯಾಗ್ ತುರುಕದೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿದರೆ ಸಾಕು. ನೂರಾರು ಗುರುತುಗಳಿರುವ ಪಾಠಕ್ಕೆ ನನ್ನ ಒಲವು ಅದರ ಕಡೆಗೇ. ಆಂಡ್ರಾಯ್ಡ್‌ನ ವೆಬ್‌ವ್ಯೂ ಪ್ಲೇ ಸ್ಟೋರ್ ಮೂಲಕ ಹೊಸದಾಗುತ್ತಿರುತ್ತದೆ, ಐಫೋನಿನದು ಐಒಎಸ್ ಜೊತೆಗೇ ಹೊಸದಾಗಬೇಕು ಎಂಬುದು ನೆನಪಿರಲಿ.

ಸಣ್ಣ ಸಣ್ಣ ಟಿಪ್ಪಣಿಗಳ ಪಟ್ಟಿಯಾದರೆ ವೆಬ್‌ವ್ಯೂ ಬೇಡ. ಪಟ್ಟಿಯ ಪ್ರತಿ ಸಾಲಿಗೂ ಒಂದೊಂದು ವೆಬ್‌ವ್ಯೂ ಇಟ್ಟರೆ ಮೂರು ಜಿಬಿ ರ‍್ಯಾಮಿನ ಫೋನ್ ಏದುಸಿರು ಬಿಡುತ್ತದೆ, ಮತ್ತು ನಮ್ಮ ಓದುಗರಲ್ಲಿ ಬಹಳ ಜನರ ಕೈಯಲ್ಲಿರುವುದು ಅಂಥದ್ದೇ ಫೋನ್.

ಎರಡರಲ್ಲಿ ಯಾವುದಾದರೂ, ಬೆರಳು ಎಲ್ಲಿ ಬಿಟ್ಟಿತೋ ಅಲ್ಲಿಗೇ ಬಣ್ಣ ನಿಲ್ಲಿಸಬೇಡಿ. ಎರಡೂ ತುದಿಗಳನ್ನು ಪೂರ್ತಿ ಪದಕ್ಕೆ ಹೊಂದಿಸಿ. ಕನ್ನಡದ ಪದಗಳ ನಡುವೆ ಜಾಗ ಬಿಡುವ ರೂಢಿ ಇರುವುದರಿಂದ ಪದದ ಗಡಿ ಸುಲಭವಾಗಿ ಸಿಗುತ್ತದೆ, ಅಕ್ಷರ ಒಡೆಯುವ ಪ್ರಶ್ನೆಯೇ ಏಳುವುದಿಲ್ಲ. ಓದುವ ಯಾರಿಗೂ ಅರ್ಧ ಪದಕ್ಕೆ ಗುರುತು ಹಾಕುವ ಉದ್ದೇಶ ಇರುವುದಿಲ್ಲ. ಮೊದಲು ಹೇಳಿದ ‘ರಾಷ್ಟ್ರಪತಿ’ಯ ಕಷ್ಟ ತೀರಿದ್ದು ಹೀಗೆಯೇ.

ಗುರುತನ್ನು ಉಳಿಸಿಡುವ ವಿಷಯದಲ್ಲಿ ನಮಗೆ ಆದ ನಷ್ಟವನ್ನು ಹೇಳಲೇಬೇಕು. ಮೊದಲು ನಾವು ಬರಿ ಸಂಖ್ಯೆಗಳನ್ನು ಉಳಿಸುತ್ತಿದ್ದೆವು: ಈ ಪಾಠ, 412ರಿಂದ 430. ಒಂದು ದಿನ ಪಾಠದ ಮೊದಲ ಪ್ಯಾರಾದಲ್ಲಿ ಕಾಗುಣಿತ ತಪ್ಪೊಂದನ್ನು ತಿದ್ದಿ ಕಳಿಸಿದೆವು, ಎರಡು ಚಿಹ್ನೆ ಹೆಚ್ಚಾಯಿತು. ಆ ಪಾಠದಲ್ಲಿ ಯಾರು ಎಲ್ಲಿ ಗುರುತು ಮಾಡಿದ್ದರೋ ಎಲ್ಲವೂ ಎರಡೆರಡು ಮನೆ ಸರಿದು, ಪದಗಳ ಬೆನ್ನು ಮುರಿದು ನಿಂತವು. ಪರೀಕ್ಷೆಗೆ ಹತ್ತು ದಿನ ಇರುವಾಗ ತಿಂಗಳುಗಟ್ಟಲೆ ಹಾಕಿದ ಗುರುತು ಹೀಗಾದರೆ ಓದುವವರಿಗೆ ಏನಾಗುತ್ತದೆ ಎಂಬುದನ್ನು ಅವರ ಮುಖದಲ್ಲೇ ನೋಡಿದೆವು. ಈಗ ಸಂಖ್ಯೆಯ ಜೊತೆಗೆ ಗುರುತು ಮಾಡಿದ ಪದಗಳನ್ನೂ, ಅವುಗಳ ಹಿಂದೆ ಮುಂದಿನ ಒಂದಷ್ಟು ಪಠ್ಯವನ್ನೂ ಉಳಿಸುತ್ತೇವೆ. ಸಂಖ್ಯೆ ಹೇಳಿದ ಜಾಗದಲ್ಲಿ ಆ ಪದಗಳು ಸಿಗದಿದ್ದರೆ ಅಕ್ಕಪಕ್ಕದ ಪಠ್ಯ ಹಿಡಿದು ಹುಡುಕುತ್ತೇವೆ. 2017ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಅಂಗೀಕರಿಸಿದ ವೆಬ್ ಟಿಪ್ಪಣಿ ಮಾದರಿಯಲ್ಲಿ ಇದೇ ಕ್ರಮ ಇದೆ. ಹೊಸದಾಗಿ ಶುರುಮಾಡುವವರು ಮೊದಲಿಗೇ ಅದನ್ನು ಅನುಸರಿಸಲಿ. ಪಠ್ಯದೊಳಗೇ ಬಣ್ಣದ ಟ್ಯಾಗ್ ಬರೆದು ಉಳಿಸುವುದಂತೂ ಬೇಡವೇ ಬೇಡ. ಆಮೇಲೆ ಪಾಠ ತಿದ್ದಲೂ ಆಗದು, ಗುರುತು ತೆಗೆಯಲೂ ಆಗದು.

ಟೈಪ್ ಮಾಡುತ್ತಿರುವಾಗಲೇ ಬಣ್ಣ

ಇದು ಅಗತ್ಯವಿದ್ದರೆ ಮಾತ್ರ ಕೈಹಾಕಿ. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕೀಲಿಮಣೆಯಿಂದ ಪರಿವರ್ತಿಸಿಕೊಳ್ಳುವುದು ಹೆಚ್ಚು. ಪದ ಮುಗಿಯುವ ತನಕ ಕೀಲಿಮಣೆ ಅದನ್ನು ಅಡಿಗೆರೆಯೊಂದಿಗೆ ತನ್ನ ಕೈಯಲ್ಲಿ ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕೋಡ್ ಎಲ್ಲ ಸ್ಪ್ಯಾನ್‌ಗಳನ್ನೂ ಅಳಿಸಿ ಹೊಸದಾಗಿ ಹಚ್ಚಿದರೆ ಕೀಲಿಮಣೆಯ ಗುರುತೂ ಅಳಿಯುತ್ತದೆ, ಟೈಪಿಂಗ್ ದಾರಿ ತಪ್ಪುತ್ತದೆ. ಆಂಡ್ರಾಯ್ಡ್‌ನ ಎಡಿಟ್‌ಟೆಕ್ಸ್ಟ್‌ನಲ್ಲಿ ಕ್ಲಿಯರ್‌ಸ್ಪ್ಯಾನ್ಸ್ ಕರೆಯಬೇಡಿ, ನೀವು ಹಚ್ಚಿದ ಬಣ್ಣದ ಸ್ಪ್ಯಾನ್‌ಗಳನ್ನು ಮಾತ್ರ ಹುಡುಕಿ ತೆಗೆಯಿರಿ. ಕಂಪೋಸ್‌ನ ವಿಶುವಲ್ ಟ್ರಾನ್ಸ್‌ಫರ್ಮೇಶನ್ ಮೂಲ ಪಠ್ಯವನ್ನು ಮುಟ್ಟದೆ ತೋರಿಕೆಗೆ ಮಾತ್ರ ಬಣ್ಣ ಕೊಡುವುದರಿಂದ ನನಗೆ ಹೆಚ್ಚು ಹಿಡಿಸಿತು. ಉದ್ದ ಬದಲಾಗದ ಕಾರಣ ಕರ್ಸರ್ ಲೆಕ್ಕವೂ ನೆಟ್ಟಗಿರುತ್ತದೆ. ಫ್ಲಟ್ಟರ್‌ನಲ್ಲಿ ಕಂಟ್ರೋಲರ್‌ನ ಬಿಲ್ಡ್‌ಟೆಕ್ಸ್ಟ್‌ಸ್ಪ್ಯಾನ್ ಅನ್ನು ನೀವೇ ಬರೆಯಬೇಕು, ಬರೆಯುವಾಗ ಕಂಪೋಸಿಂಗ್ ಭಾಗದ, ಅಂದರೆ ಇನ್ನೂ ಟೈಪ್ ಆಗುತ್ತಿರುವ ಪದದ, ಅಡಿಗೆರೆಯನ್ನು ಮರೆಯಬಾರದು. ಸ್ವಿಫ್ಟ್‌ಯುಐನ ಟೆಕ್ಸ್ಟ್‌ಎಡಿಟರ್‌ಗೆ ಬಣ್ಣದ ಪಠ್ಯ ತಿದ್ದುವ ಶಕ್ತಿ ಬಂದದ್ದು ಐಒಎಸ್ 26ರಲ್ಲಿ. ಅದಕ್ಕೂ ಹಿಂದಿನ ಫೋನುಗಳಿಗೆ ಯುಐಟೆಕ್ಸ್ಟ್‌ವ್ಯೂ ಇರಲೇಬೇಕು.

ಯಾವ ಬಣ್ಣ

ಮೆಟ್ರೊ ಸಾಲಿಗೆ ಮರಳೋಣ. ನೇರಳೆ, ಹಸಿರು ಅಕ್ಷರಗಳು ಬಿಳಿಯ ಮೇಲೆ ಗಾಢವಾಗಿದ್ದರೆ ಓದಲು ಬರುತ್ತವೆ. ಹಳದಿ ಅಕ್ಷರ ಬಿಳಿಯ ಮೇಲೆ ಕಾಣುವುದೇ ಇಲ್ಲ. ಶುದ್ಧ ಹಳದಿಗೂ ಬಿಳಿಗೂ ಇರುವ ವ್ಯತ್ಯಾಸದ ಅನುಪಾತ 1.07, ವೆಬ್ ಸುಲಭಬಳಕೆಯ ಮಾನದಂಡ ಸಾಮಾನ್ಯ ಗಾತ್ರದ ಪಠ್ಯಕ್ಕೆ ಕೇಳುವುದು 4.5. ಅದೇ ಹಳದಿಯನ್ನು ಹಿನ್ನೆಲೆಗಿಟ್ಟು ಮೇಲೆ ಕಪ್ಪು ಅಕ್ಷರ ಬರೆದರೆ ಅನುಪಾತ 19 ದಾಟುತ್ತದೆ. ಆದ್ದರಿಂದ ತೆಳು ಬಣ್ಣ ಹಿನ್ನೆಲೆಗೆ, ಗಾಢ ಬಣ್ಣ ಅಕ್ಷರಕ್ಕೆ. ಹಿನ್ನೆಲೆ ಕೊಟ್ಟಾಗಲೆಲ್ಲ ಅಕ್ಷರದ ಬಣ್ಣವನ್ನೂ ಜೊತೆಗೇ ಕೊಡಿ. ಇಲ್ಲದಿದ್ದರೆ ಫೋನ್ ಡಾರ್ಕ್ ಮೋಡ್‌ಗೆ ಹೋದಾಗ ಅಕ್ಷರ ಬೆಳ್ಳಗಾಗಿ, ಹಳದಿಯ ಮೇಲೆ ಬಿಳಿ ಕರಗಿಹೋಗುತ್ತದೆ. ರಾತ್ರಿ ಹಾಸ್ಟೆಲ್‌ನಲ್ಲಿ ದೀಪ ಆರಿಸಿ ಓದುವವರು ಡಾರ್ಕ್ ಮೋಡ್‌ನಲ್ಲೇ ಇರುತ್ತಾರೆ.

ಕೆಂಪು ತಪ್ಪು, ಹಸಿರು ಸರಿ ಎಂದು ಬರಿ ಬಣ್ಣದಲ್ಲೇ ಹೇಳಿದರೆ ಆ ಎರಡು ಬಣ್ಣ ಬೇರೆ ಮಾಡಿ ಕಾಣದವರಿಗೆ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಒಂದು ಪದವೋ ಚಿಹ್ನೆಯೋ ಇರಲಿ. ಓರೆ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ, ನೆಟ್ಟಗಿದ್ದ ಅಕ್ಷರವನ್ನು ಬಲವಂತವಾಗಿ ವಾಲಿಸಿದಂತೆ ಕಾಣುತ್ತದೆ. ಅಡಿಗೆರೆ ಒತ್ತುಗಳ ನಡುವೆ ಹಾದು ‘ಷ್ಟ್ರ’ದಂಥವನ್ನು ಓದಲಾಗದಂತೆ ಮಾಡುತ್ತದೆ. ನಮಗೆ ಹಿನ್ನೆಲೆ ಪಟ್ಟಿಯೇ ಒಳ್ಳೆಯದು. ಪಟ್ಟಿಯ ಎತ್ತರವನ್ನೂ ನೋಡಿಕೊಳ್ಳಿ. ಇಂಗ್ಲಿಷ್ ಫಾಂಟ್‌ನ ಅಳತೆಗೆ ಪಟ್ಟಿ ಬಿದ್ದರೆ ಎರಡಂತಸ್ತಿನ ಒತ್ತು ಕೆಳಗೆ ಹೊರಚಾಚುತ್ತದೆ. ಕನ್ನಡ ಪಠ್ಯಕ್ಕೆ ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ನೇರವಾಗಿ ಹೆಸರಿಸಿ, ಸಾಲಿನ ಅಂತರ ಸ್ವಲ್ಪ ಹೆಚ್ಚಿಸಿ. ಆಂಡ್ರಾಯ್ಡ್‌ನಲ್ಲಿ ಆ ಅಂತರವೂ ಬಣ್ಣದೊಳಗೆ ಸೇರಿ ಮೇಲಿನ ಕೆಳಗಿನ ಸಾಲುಗಳ ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ, ಹಾಗಾಗಿ ಬಣ್ಣ ತೆಳುವಾಗಿದ್ದಷ್ಟೂ ಹಿತ.

ಯಾವ ದಾರಿ ಆರಿಸಿದರೂ, ಬಿಡುಗಡೆಗೆ ಮೊದಲು ಈ ಪದಗಳನ್ನು ಒಂದು ಪುಟದಲ್ಲಿ ಹಾಕಿ, ಪ್ರತಿಯೊಂದರ ಪ್ರತಿ ಸ್ಥಾನದಲ್ಲೂ ಬಣ್ಣ ನಿಲ್ಲಿಸಿ ನೋಡಿ: ರಾಷ್ಟ್ರ, ಸ್ತ್ರೀ, ಸೂರ್ಯ, ರ‍್ಯಾಂಕ್, ರಾಜ್‌ಕುಮಾರ್, ಹೋಗೋಣ, ಊರಿಗೆ, ಬೆಂಗಳೂರು. ಹೊಸ ಫೋನಿನಲ್ಲಿ ಒಮ್ಮೆ, ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ಒಮ್ಮೆ, ಅಕ್ಷರ ಗಾತ್ರ ದೊಡ್ಡದು ಮಾಡಿ ಒಮ್ಮೆ, ಡಾರ್ಕ್ ಮೋಡ್‌ನಲ್ಲಿ ಒಮ್ಮೆ. ಎಲ್ಲಿಯಾದರೂ ಒತ್ತು ಕಳಚಿದರೆ, ಚುಕ್ಕಿ ವೃತ್ತ ಕಂಡರೆ, ಗಡಿಯ ಕೋಡ್‌ಗೆ ಮರಳಿ ಹೋಗಿ; ತಪ್ಪು ಅಲ್ಲೇ ಇರುತ್ತದೆ.